ಕೊಲೆಗೂ ಮಹಾಯುದ್ಧಕ್ಕೂ ಒಂದೇ ಅಳತೆಗೋಲು: ಲೂಯಿಸ್ ಫ್ರೈ ರಿಚರ್ಡ್‌ಸನ್ ಅವರ ನಂಬಿಕೆ ಮತ್ತು ಗಣಿತ



ದೇವರಲ್ಲಿ ನಂಬಿಕೆಯಿದ್ದ ವಿಜ್ಞಾನಿಯೊಬ್ಬರನ್ನು ನೆನೆಯುವ ಸಭೆಗಳಲ್ಲಿ ಎರಡು ಬಗೆಯ ಮಾತು ಮತ್ತೆ ಮತ್ತೆ ಕೇಳಿಬರುತ್ತವೆ. ಅಷ್ಟು ದೊಡ್ಡ ಬುದ್ಧಿವಂತರೇ ನಂಬಿದ್ದರೆಂದ ಮೇಲೆ ನಂಬಿಕೆಯಲ್ಲಿ ಹುರುಳಿರಲೇಬೇಕು ಎಂಬುದು ಒಂದು. ಭಾನುವಾರ ಪ್ರಾರ್ಥನೆ, ಸೋಮವಾರ ಪ್ರಯೋಗಾಲಯ, ಎರಡಕ್ಕೂ ನಂಟಿಲ್ಲ, ಅವರ ಮತ ಅವರ ಮನೆಯ ವಿಷಯ ಎಂಬುದು ಇನ್ನೊಂದು. ಮೊದಲನೆಯವರು ವಿಜ್ಞಾನಿಯನ್ನು ಸಾಕ್ಷಿಕಟ್ಟೆಗೆ ಹತ್ತಿಸುತ್ತಾರೆ. ಎರಡನೆಯವರು ಅವರ ವಾರವನ್ನೇ ಎರಡು ಸೀಳು ಮಾಡುತ್ತಾರೆ. ಇಬ್ಬರೂ ಹುಡುಕುವ ಜಾಗ ತಪ್ಪು ಎಂದು ನನಗೆ ತೋರುತ್ತದೆ. ವಿಜ್ಞಾನಿ ಕಂಡುಕೊಂಡ ಉತ್ತರಗಳಲ್ಲಿ ನಂಬಿಕೆಯ ಗುರುತು ಸಿಗುವುದು ಕಷ್ಟ. ಸಿಕ್ಕರೆ ಆ ವಿಜ್ಞಾನದ ಮೇಲೆಯೇ ಅನುಮಾನ ಪಡಬೇಕಾಗುತ್ತದೆ. ಅವರು ಯಾವ ಪ್ರಶ್ನೆಯನ್ನು ಕೈಗೆತ್ತಿಕೊಂಡರು, ಯಾವುದನ್ನು ಅರ್ಧಕ್ಕೇ ಬಿಟ್ಟರು, ಉಳಿದವರೆಲ್ಲ ಸಲೀಸಾಗಿ ಎಳೆಯುವ ಯಾವ ಗೆರೆಯನ್ನು ಎಳೆಯಲು ಒಪ್ಪಲಿಲ್ಲ ಎಂದು ನೋಡಿದರೆ ಆ ಗುರುತು ಕಣ್ಣಿಗೆ ಬೀಳುತ್ತದೆ. ಈ ಮಾತನ್ನು ಒರೆಗೆ ಹಚ್ಚಲು ಬ್ರಿಟನ್ನಿನ ಲೂಯಿಸ್ ಫ್ರೈ ರಿಚರ್ಡ್‌ಸನ್ ಅವರ ಬದುಕನ್ನು ಇಂದು ಆರಿಸಿಕೊಂಡಿದ್ದೇನೆ. ಹವಾಮಾನ ಶಾಸ್ತ್ರ ಓದಿದವರಿಗೆ ಅವರ ಹೆಸರು ರಿಚರ್ಡ್‌ಸನ್ ಸಂಖ್ಯೆಯ ಮೂಲಕ ಗೊತ್ತು. ಶಾಂತಿ ಅಧ್ಯಯನ ಮಾಡುವವರಿಗೆ ಶಸ್ತ್ರಾಸ್ತ್ರ ಪೈಪೋಟಿಯ ಸಮೀಕರಣಗಳ ಮೂಲಕ ಗೊತ್ತು. ಎರಡೂ ಒಬ್ಬರದೇ ಕೆಲಸ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ.

ಅವರು ಹುಟ್ಟಿದ್ದು 1881ರ ಅಕ್ಟೋಬರ್ 11ರಂದು, ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ. ಏಳು ಮಕ್ಕಳಲ್ಲಿ ಕಿರಿಯರು. ತಂದೆ ಡೇವಿಡ್ ರಿಚರ್ಡ್‌ಸನ್ ಅವರದು ಚರ್ಮ ಹದಮಾಡುವ ಉದ್ಯಮ. ಮನೆತನ ಕ್ವೇಕರ್ ಪಂಥಕ್ಕೆ ಸೇರಿದ್ದು. ಹದಿನೇಳನೆಯ ಶತಮಾನದ ನಡುವೆ ಜಾರ್ಜ್ ಫಾಕ್ಸ್ ಅವರ ಉಪದೇಶದಿಂದ ಬೆಳೆದ ಈ ಕ್ರೈಸ್ತ ಪಂಥದಲ್ಲಿ ಪಾದ್ರಿಯಿಲ್ಲ, ಬಲಿಪೀಠವಿಲ್ಲ. ಒಪ್ಪಿಸಲೇಬೇಕಾದ ವಿಶ್ವಾಸ ಪ್ರಮಾಣವೂ ಇಲ್ಲ. ಜನ ಒಂದು ಕೋಣೆಯಲ್ಲಿ ಸದ್ದಿಲ್ಲದೆ ಕೂರುತ್ತಾರೆ. ಒಳಗಿನಿಂದ ಪ್ರೇರಣೆ ಬಂದವರು ಎದ್ದು ನಾಲ್ಕು ಮಾತಾಡುತ್ತಾರೆ, ಬರದಿದ್ದರೆ ಸುಮ್ಮನಿದ್ದು ಎದ್ದುಹೋಗುತ್ತಾರೆ. ಪ್ರತಿ ಮನುಷ್ಯನಲ್ಲೂ ದೇವರ ಬೆಳಕಿನ ಅಂಶವಿದೆ ಎಂಬುದು ಅವರ ಮೂಲ ನಂಬಿಕೆ. ಹಾಗಿದ್ದ ಮೇಲೆ ಇನ್ನೊಬ್ಬನನ್ನು ಕೊಲ್ಲಲು ಯಾವ ದೊರೆಯ ಅಪ್ಪಣೆಯೂ ಸಾಲದು ಎಂಬುದು ಅದರಿಂದ ಹೊರಟ ತೀರ್ಮಾನ. ಎರಡನೆಯ ಚಾರ್ಲ್ಸ್ ದೊರೆಯ ಕಾಲದಲ್ಲೇ ಇದನ್ನು ಲಿಖಿತವಾಗಿ ಅರಿಕೆ ಮಾಡಿಕೊಂಡ ಜನ ಇವರು. ಆಣೆ ಹಾಕುವುದಿಲ್ಲ, ಏಕೆಂದರೆ ಆಣೆಯಿಲ್ಲದಾಗ ಆಡಿದ್ದು ಸುಳ್ಳೇ ಎಂಬ ಪ್ರಶ್ನೆ ಏಳುತ್ತದೆ. ವ್ಯಾಪಾರದಲ್ಲಿ ಚೌಕಾಸಿ ಬೇಡ, ಒಂದೇ ದರ ಹೇಳಬೇಕು ಎನ್ನುವ ರೂಢಿಯೂ ಇವರಲ್ಲಿತ್ತು. ರಿಚರ್ಡ್‌ಸನ್ ಓದಿದ್ದು ಯಾರ್ಕ್ ನಗರದ ಕ್ವೇಕರ್ ಶಾಲೆ ಬೂತಮ್‌ನಲ್ಲಿ, ಆಮೇಲೆ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ.

ಆರಂಭದ ಹತ್ತು ವರ್ಷ ಅವರು ಒಂದು ಕಡೆ ನೆಲೆ ನಿಲ್ಲಲಿಲ್ಲ. ರಾಷ್ಟ್ರೀಯ ಭೌತ ಪ್ರಯೋಗಾಲಯ, ವೇಲ್ಸ್‌ನ ಕಾಲೇಜು, ಪೀಟ್ ಎಂಬ ಜೌಗುಮಣ್ಣಿನ ಇಂಧನದ ಕಂಪನಿ, ವಿದ್ಯುದ್ದೀಪದ ಕಂಪನಿ ಎಂದು ತಿರುಗಾಡಿದರು. ಈ ಅಲೆದಾಟದ ನಡುವೆ ಅವರಿಗೆ ದಕ್ಕಿದ್ದು ಒಂದು ಲೆಕ್ಕದ ವಿಧಾನ. ಜೌಗುನೆಲದಿಂದ ನೀರು ಬಸಿದು ಹೋಗುವ ಬಗೆಯನ್ನು ಹೇಳುವ ಸಮೀಕರಣಗಳನ್ನು ಸೂತ್ರ ಬಳಸಿ ಬಿಡಿಸಲು ಬರುತ್ತಿರಲಿಲ್ಲ. ಹರಹನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ, ಒಂದು ಚೌಕದಿಂದ ಪಕ್ಕದ್ದಕ್ಕೆ ಆಗುವ ವ್ಯತ್ಯಾಸವನ್ನು ಕೂಡಿ ಕಳೆದು ಮುಂದುವರಿದರೆ ಸಾಕಷ್ಟು ನಿಖರವಾದ ಉತ್ತರ ಸಿಗುತ್ತದೆ ಎಂದು ಅವರು ತೋರಿಸಿದರು. 1910ರಲ್ಲಿ ಇದೇ ಕ್ರಮವನ್ನು ಕಲ್ಲಿನ ಅಣೆಕಟ್ಟೆಯೊಳಗಿನ ಒತ್ತಡಗಳಿಗೆ ಹೊಂದಿಸಿ ಪ್ರಕಟಿಸಿದರು. ಮುಂದೆ ಹವಾಮಾನವನ್ನೂ ಯುದ್ಧವನ್ನೂ ಅವರು ನೋಡಿದ್ದು ಈ ಕಣ್ಣಿನಿಂದಲೇ: ದೊಡ್ಡದನ್ನು ಕಂಡು ಬೆರಗಾಗುವ ಮೊದಲು ಸಣ್ಣ ತುಂಡುಗಳಾಗಿಸಿ ಎಣಿಸು ಎಂಬ ಕಣ್ಣು.

1913ರಲ್ಲಿ ಹವಾಮಾನ ಇಲಾಖೆ ಅವರನ್ನು ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್ ವೀಕ್ಷಣಾಲಯದ ಮೇಲ್ವಿಚಾರಕರನ್ನಾಗಿ ನೇಮಿಸಿತು. ಲಂಡನ್ನಿನ ವಿದ್ಯುತ್ ಟ್ರಾಮುಗಳಿಂದ ಕಾಂತಮಾಪಕಗಳು ಕೆಡುತ್ತವೆಂದು ಗುಡ್ಡಗಳ ನಡುವಿನ ನಿರ್ಜನ ಜಾಗದಲ್ಲಿ ಕಟ್ಟಿದ ವೀಕ್ಷಣಾಲಯ ಅದು. ನಾಳೆಯ ಹವೆಯನ್ನು ಅನುಭವಿಗಳ ಊಹೆಗೆ ಬಿಡದೆ ಭೌತಶಾಸ್ತ್ರದ ಸಮೀಕರಣಗಳಿಂದಲೇ ಲೆಕ್ಕ ಹಾಕಬಹುದೆಂಬ ಆಲೋಚನೆ ಅಲ್ಲಿ ಬಲಿಯಿತು. ಅಷ್ಟರಲ್ಲಿ ಯುದ್ಧ ಬಂತು. 1916ರಲ್ಲಿ ಬ್ರಿಟನ್ನಿನಲ್ಲಿ ಕಡ್ಡಾಯ ಸೈನಿಕ ಸೇವೆಯೂ ಬಂತು. ಆ ವರ್ಷ ಅವರು ಕೆಲಸಕ್ಕೆ ರಾಜೀನಾಮೆ ಕೊಟ್ಟು, ಕ್ವೇಕರರು ಕಟ್ಟಿದ್ದ ಫ್ರೆಂಡ್ಸ್ ಆಂಬುಲೆನ್ಸ್ ಯೂನಿಟ್ ಸೇರಿ ಫ್ರಾನ್ಸಿಗೆ ಹೋದರು. ಫ್ರೆಂಚ್ ಪದಾತಿ ದಳಕ್ಕೆ ಜೋಡಿಸಿದ್ದ ಹದಿಮೂರನೆಯ ಆಂಬುಲೆನ್ಸ್ ತಂಡದಲ್ಲಿ ಗಾಯಾಳುಗಳನ್ನು ಹೊತ್ತು ತರುವ ವಾಹನ ನಡೆಸುವುದು ಅವರ ಕೆಲಸ. ಮುಂದೆ ಕಾದಂಬರಿಕಾರರಾಗಿ ಹೆಸರಾದ ಓಲಾಫ್ ಸ್ಟೇಪಲ್ಡನ್ ಅದೇ ತಂಡದಲ್ಲಿದ್ದರು. ಗಾಯಾಳುವನ್ನು ಉಳಿಸಿದರೆ ಸೈನ್ಯಕ್ಕೆ ಮತ್ತೊಬ್ಬ ಸಿಪಾಯಿ ಸಿಕ್ಕಂತಾಗುತ್ತದೆ, ಇದೂ ಯುದ್ಧಸೇವೆಯೇ ಎಂಬ ಆಕ್ಷೇಪ ಆಗ ಕ್ವೇಕರರ ಒಳಗಿನಿಂದಲೇ ಎದ್ದಿತ್ತು. ಆ ನಿಲುವಿನವರು ಆಂಬುಲೆನ್ಸನ್ನೂ ಮುಟ್ಟದೆ ಜೈಲಿಗೆ ಹೋದರು. ಆಕ್ಷೇಪದಲ್ಲಿ ತರ್ಕವಿಲ್ಲ ಎನ್ನಲಾಗದು. ಆದರೆ ರಿಚರ್ಡ್‌ಸನ್ ಅವರಿಗೆ ದೂರ ನಿಂತು ಕೈ ತೊಳೆದುಕೊಳ್ಳುವುದಷ್ಟೇ ಸಾಕಾಗಲಿಲ್ಲ, ಯುದ್ಧವನ್ನು ಹತ್ತಿರದಿಂದ ನೋಡಬೇಕೆನಿಸಿತ್ತು. ಈ ಹಂಬಲದಿಂದಲೇ ಅವರ ಮುಂದಿನ ಮೂವತ್ತು ವರ್ಷಗಳ ಕೆಲಸ ಹುಟ್ಟಿತು.

ಸರದಿ ಇಲ್ಲದ ಹೊತ್ತಿನಲ್ಲಿ, ಒದ್ದೆ ಚಳಿಯ ಬಿಡಾರದ ಹುಲ್ಲುರಾಶಿಯನ್ನೇ ಮೇಜು ಮಾಡಿಕೊಂಡು ಅವರು ಜಗತ್ತಿನ ಮೊದಲ ಗಣಿತೀಯ ಹವಾಮಾನ ಮುನ್ಸೂಚನೆಯ ಲೆಕ್ಕ ಮಾಡಿದರು. ಆರಿಸಿಕೊಂಡ ದಿನ 1910ರ ಮೇ 20. ಆ ದಿನದ ಮಾಹಿತಿಯನ್ನು ನಾರ್ವೆಯ ವಿಲ್ಹೆಲ್ಮ್ ಬ್ಯರ್ಕ್ನೆಸ್ ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದರು. ಮಧ್ಯ ಯೂರೋಪನ್ನು ಚದುರಂಗದ ಹಾಸಿನಂತೆ ಚೌಕಗಳಾಗಿ ಹಂಚಿ, ವಾತಾವರಣವನ್ನು ಮೇಲಿಂದ ಕೆಳಕ್ಕೆ ಐದು ಪದರ ಮಾಡಿ, ಮ್ಯೂನಿಕ್ ಆಸುಪಾಸಿನಲ್ಲಿ ಆರು ಗಂಟೆಗಳಲ್ಲಿ ಏನಾದೀತೆಂದು ಎಣಿಸಿದರು. ಆರು ಗಂಟೆಯ ಮುನ್ಸೂಚನೆಗೆ ಹಿಡಿದದ್ದು ಸುಮಾರು ಆರು ವಾರ. ಬಂದ ಉತ್ತರ: ವಾಯುಭಾರ 145 ಮಿಲಿಬಾರಿನಷ್ಟು ಏರುತ್ತದೆ. ಭೂಮಿಯ ಮೇಲೆ ಎಲ್ಲಿಯೂ ಆಗದ ಏರಿಕೆ ಅದು. ಆ ದಿನ ಅಲ್ಲಿ ವಾಯುಭಾರ ಹೆಚ್ಚುಕಡಿಮೆ ಕದಲಿಯೇ ಇರಲಿಲ್ಲ. 1917ರ ಏಪ್ರಿಲ್‌ನಲ್ಲಿ ಷಾಂಪೇನ್ ಕಾಳಗದ ಹೊತ್ತಿಗೆ ಹಸ್ತಪ್ರತಿಯನ್ನು ಹಿಂದಕ್ಕೆ ಕಳಿಸಿದಾಗ ಅದು ಕಳೆದುಹೋಗಿ, ತಿಂಗಳುಗಳ ನಂತರ ಬೆಲ್ಜಿಯಮ್ಮಿನಲ್ಲಿ ಕಲ್ಲಿದ್ದಲ ರಾಶಿಯಡಿ ಸಿಕ್ಕಿತು. 1922ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಮುದ್ರಣಾಲಯ ಅದನ್ನು ಪುಸ್ತಕವಾಗಿ ತಂದಾಗ ಆ ಹಾಸ್ಯಾಸ್ಪದ 145 ಪೂರ್ತಿ ಲೆಕ್ಕದ ಸಮೇತ ಅದರಲ್ಲಿತ್ತು. ಸೋತ ಅಧ್ಯಾಯವನ್ನು ಬಿಟ್ಟು ಬರೀ ಸಿದ್ಧಾಂತವನ್ನು ಅಚ್ಚು ಹಾಕಿಸಿದ್ದರೂ ಯಾರೂ ಕೇಳುತ್ತಿರಲಿಲ್ಲ. ಹಾಗೆ ಮಾಡಿದ್ದರೆ, ತೊಂಬತ್ತರ ದಶಕದ ನಂತರ ಐರ್ಲೆಂಡಿನ ಪೀಟರ್ ಲಿಂಚ್ ಅದೇ ಅಂಕಿಗಳನ್ನು ಹಿಡಿದು ತಪ್ಪು ಎಲ್ಲಿತ್ತೆಂದು ತೋರಿಸಲು ಸಾಧ್ಯವಾಗುತ್ತಿರಲಿಲ್ಲ. ವಿಧಾನ ಸರಿಯಾಗಿಯೇ ಇತ್ತು. ಆರಂಭದ ಮಾಹಿತಿಯಲ್ಲಿ ಗಾಳಿಗೂ ಒತ್ತಡಕ್ಕೂ ಹೊಂದಿಕೆ ಇರಲಿಲ್ಲ. ಅದನ್ನು ನಯಗೊಳಿಸಿದರೆ ವಾಯುಭಾರದ ಬದಲಾವಣೆ ಒಂದು ಮಿಲಿಬಾರಿಗಿಂತ ಕಡಿಮೆ.

ಸೋಲನ್ನು ಮುಚ್ಚಿಡದೆ ಅಚ್ಚಿಗೆ ಕೊಟ್ಟದ್ದು ಕ್ವೇಕರ್ ಸತ್ಯನಿಷ್ಠೆಯ ಫಲ ಎಂದು ಇಲ್ಲಿ ಹೇಳಿಬಿಡುವುದು ಸುಲಭ. ನಾನು ಹೇಳುವುದಿಲ್ಲ. ಪ್ರಾಮಾಣಿಕ ನಾಸ್ತಿಕ ವಿಜ್ಞಾನಿಯೂ ಹಾಗೆಯೇ ಮಾಡಿಯಾನು. ಸತ್ಯ ಹೇಳುವುದು ವಿಜ್ಞಾನಕ್ಕೆ ತನ್ನದೇ ಆದ ಕಟ್ಟಳೆ, ಅದಕ್ಕೆ ಚರ್ಚಿನ ಸಾಲ ಬೇಕಿಲ್ಲ. ನನ್ನ ವಾದಕ್ಕೆ ಬೇಕಾದ ಸಾಕ್ಷ್ಯ ಸಿಗುವುದು ಯುದ್ಧ ಮುಗಿದ ಮೇಲೆ. ಹಿಂತಿರುಗಿದ ರಿಚರ್ಡ್‌ಸನ್ ಹವಾಮಾನ ಇಲಾಖೆಯನ್ನು ಮತ್ತೆ ಸೇರಿ, ಬೆನ್ಸನ್ ಎಂಬಲ್ಲಿ ಡಬ್ಲ್ಯು. ಎಚ್. ಡೈನ್ಸ್ ಅವರ ಜೊತೆ ಕೆಲಸ ಆರಂಭಿಸಿದರು. ಅವರಿಗೆ ಅದಕ್ಕಿಂತ ಹೊಂದುವ ಹುದ್ದೆ ಬ್ರಿಟನ್ನಿನಲ್ಲಿ ಇನ್ನೊಂದಿರಲಿಲ್ಲ. ಆದರೆ ಇಲಾಖೆಯನ್ನು ವಾಯುಪಡೆಯ ಹೊಣೆ ಹೊತ್ತ ಸಚಿವಾಲಯದ ಅಡಿಗೆ ತಂದಾಗ, 1920ರಲ್ಲಿ, ಅವರು ಹೊರಬಂದು ಲಂಡನ್ನಿನ ಒಂದು ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಪಾಠ ಹೇಳತೊಡಗಿದರು. ಯಾರೂ ಅವರಿಗೆ ಬಾಂಬು ಮಾಡಲು ಹೇಳಿರಲಿಲ್ಲ. ಸಂಬಳ ಬರುವ ಖಜಾನೆ ಬದಲಾಗಿತ್ತು, ಅಷ್ಟೇ. ಆಮೇಲೂ ಬಿಡುವಿನಲ್ಲಿ ಸಂಶೋಧನೆ ನಡೆದಿತ್ತು. ಗಾಳಿಯಲ್ಲಿ ಬಿಟ್ಟ ಕಣಗಳು ಒಂದರಿಂದೊಂದು ದೂರವಾದಷ್ಟೂ ಇನ್ನಷ್ಟು ವೇಗವಾಗಿ ಚದುರುತ್ತವೆ ಎಂಬ ನಿಯಮವನ್ನು 1926ರಲ್ಲಿ ಪ್ರಕಟಿಸಿದರು. ಅದೇ ವರ್ಷ ರಾಯಲ್ ಸೊಸೈಟಿಯ ಫೆಲೋ ಆದರು. ಈ ಚದುರುವಿಕೆಯ ಲೆಕ್ಕದಲ್ಲಿ ಅತಿ ಹೆಚ್ಚಿನ ಆಸಕ್ತಿ ಇದ್ದವರು ವಿಷಾನಿಲ ಪ್ರಯೋಗದವರು ಎಂದು ತಿಳಿದಾಗ ಅವರು ಆ ಸಂಶೋಧನೆಯನ್ನೇ ನಿಲ್ಲಿಸಿ, ಪ್ರಕಟವಾಗದೆ ಉಳಿದಿದ್ದ ಟಿಪ್ಪಣಿಗಳನ್ನು ನಾಶಮಾಡಿದರೆಂದು ಪತ್ನಿ ಡೊರೊತಿ ನೆನಪಿಸಿಕೊಂಡಿದ್ದಾರೆ. ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಮನಶ್ಶಾಸ್ತ್ರ ಓದಿ, ನಲವತ್ತೇಳನೆಯ ವಯಸ್ಸಿನಲ್ಲಿ ಅದರಲ್ಲೊಂದು ಪದವಿಯನ್ನೂ ಪಡೆದರು.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಆತ್ಮಸಾಕ್ಷಿಗೆ ಅಂಜಿ ನಡೆಯಲು ಧರ್ಮವೇ ಬೇಕೆ ಎಂಬುದು ಒಂದು. ಬರ್ಟ್ರಂಡ್ ರಸೆಲ್ ದೇವರನ್ನು ಒಪ್ಪದವರು, ಅದೇ ಯುದ್ಧವನ್ನು ವಿರೋಧಿಸಿ 1918ರಲ್ಲಿ ಜೈಲು ಕಂಡವರು. ಆದ್ದರಿಂದ ನಂಬಿಕೆಯಿಲ್ಲದೆ ಯುದ್ಧವಿರೋಧ ಸಾಧ್ಯವಿಲ್ಲ ಎನ್ನುವುದು ಸುಳ್ಳು. ಆದರೆ ನನ್ನ ಮಾತು ಅದಲ್ಲ. ಈ ಒಬ್ಬರ ಬದುಕಿನಲ್ಲಿ ವಿರೋಧ ತಳೆದ ರೂಪ ಎಂಥದ್ದು ಎಂಬುದು ನನ್ನ ಪ್ರಶ್ನೆ. ರಸೆಲ್ ವೇದಿಕೆ ಹತ್ತಿದರು, ಲೇಖನ ಬರೆದರು, ಸರ್ಕಾರದೊಡನೆ ಜಗಳಕ್ಕೆ ನಿಂತರು. ರಿಚರ್ಡ್‌ಸನ್ ಭಾಷಣ ಮಾಡಲಿಲ್ಲ, ಇಲಾಖೆಯನ್ನು ಬೈಯಲಿಲ್ಲ. ಎದ್ದು ಹೋದರು, ಬೇರೆ ಕೆಲಸ ಹಿಡಿದರು. ಮಾತಿಗಿಂತ ನಡತೆಯೇ ಸಾಕ್ಷ್ಯ ಎಂಬುದು ಕ್ವೇಕರ್ ಕೂಟಗಳಲ್ಲಿ ಬೆಳೆದವರ ಅಭ್ಯಾಸ. ಎರಡನೆಯ ಆಕ್ಷೇಪ ಇದಕ್ಕಿಂತ ತೂಕದ್ದು: ಅದೇ ಪಂಥದ ಆರ್ಥರ್ ಎಡಿಂಗ್ಟನ್ ಯುದ್ಧಕ್ಕೆ ಹೋಗಲು ಒಪ್ಪದಿದ್ದರೂ ಖಗೋಳಶಾಸ್ತ್ರ ಬಿಡಲಿಲ್ಲ. 1919ರ ಸೂರ್ಯಗ್ರಹಣದಲ್ಲಿ ಐನ್‌ಸ್ಟೈನ್ ಸಿದ್ಧಾಂತವನ್ನು ಪರೀಕ್ಷಿಸಿ, ಶತ್ರುದೇಶದ ವಿಜ್ಞಾನಿಯ ಮಾತನ್ನು ಎತ್ತಿಹಿಡಿದರು. ನಂಬಿಕೆ ಒಂದೇ ಆಗಿದ್ದರೆ ದಾರಿ ಎರಡಾದದ್ದು ಹೇಗೆ? ಉತ್ತರ ಅವರವರ ವಿಷಯದಲ್ಲಿದೆ. ನಕ್ಷತ್ರದ ಬೆಳಕು ಬಾಗಿದರೆ ಯಾರೂ ಸಾಯುವುದಿಲ್ಲ. ಗಾಳಿ ಬೀಸುವ ದಿಕ್ಕು ಗೊತ್ತಾದರೆ ಕಂದಕದಲ್ಲಿ ಕೂತವರು ಸಾಯಬಹುದು. ನಂಬಿಕೆ ಇಬ್ಬರಿಗೂ ಒಂದೇ ಉತ್ತರ ಕೊಡಲಿಲ್ಲ, ಒಂದೇ ಪ್ರಶ್ನೆ ಕೊಟ್ಟಿತು.

ಯುದ್ಧದ ಬಗ್ಗೆ ಅವರ ಮೊದಲ ಬರಹ 1919ರದು. ಯುದ್ಧದ ಗಣಿತೀಯ ಮನಶ್ಶಾಸ್ತ್ರವೆಂಬ ಆ ಕಿರುಹೊತ್ತಗೆಯನ್ನು ಸ್ವಂತ ಖರ್ಚಿನಲ್ಲಿ ಮುನ್ನೂರು ಪ್ರತಿ ಮಾಡಿಸಿ, ಆಂಬುಲೆನ್ಸ್ ತಂಡದ ಒಡನಾಡಿಗಳಿಗೆ ಅರ್ಪಿಸಿದರು. ಅದರ ಆಲೋಚನೆಗಳು ಬಲಿತು 1939ರಲ್ಲಿ ಶಸ್ತ್ರಾಸ್ತ್ರ ಪೈಪೋಟಿಯ ಸಮೀಕರಣಗಳಾದವು. ತಿರುಳು ಸರಳ. ಒಂದು ದೇಶದ ಸೇನಾವೆಚ್ಚ ಏರುವ ವೇಗ ಮೂರನ್ನು ಅವಲಂಬಿಸಿದೆ: ಎದುರಾಳಿಯ ವೆಚ್ಚ ಎಷ್ಟಿದೆ ಎಂಬ ಭಯ, ತನ್ನ ಬೊಕ್ಕಸಕ್ಕೆ ಬೀಳುವ ಹೊರೆಯ ದಣಿವು, ಹಳೆಯ ಕಹಿ ಅಥವಾ ಸ್ನೇಹ. ಎದುರಾಳಿಗೂ ಇದೇ ಸಮೀಕರಣ. ಇಬ್ಬರ ಭಯದ ಗುಣಾಂಕಗಳ ಗುಣಲಬ್ಧ ದಣಿವಿನ ಗುಣಾಂಕಗಳ ಗುಣಲಬ್ಧಕ್ಕಿಂತ ಹೆಚ್ಚಾದರೆ ಪೈಪೋಟಿ ಕೈಮೀರುತ್ತದೆ, ಕಡಿಮೆಯಾದರೆ ಎಲ್ಲೋ ಒಂದು ಕಡೆ ನಿಲ್ಲುತ್ತದೆ. ಮೊದಲ ಮಹಾಯುದ್ಧದ ಮುಂಚಿನ ವರ್ಷಗಳಿಗೆ ಅವರು ಇದನ್ನು ಹಚ್ಚಿ ನೋಡಿದರು. ಒಂದು ಕಡೆ ಫ್ರಾನ್ಸ್ ಮತ್ತು ರಷ್ಯಾ, ಇನ್ನೊಂದು ಕಡೆ ಜರ್ಮನಿ ಮತ್ತು ಆಸ್ಟ್ರಿಯಾ-ಹಂಗೆರಿ. ಒಟ್ಟು ಸೇನಾವೆಚ್ಚ 1909ರಲ್ಲಿ ಸುಮಾರು 199 ದಶಲಕ್ಷ ಪೌಂಡ್ ಇದ್ದದ್ದು 1913ಕ್ಕೆ 289 ದಶಲಕ್ಷ ಮುಟ್ಟಿತ್ತು. ವರ್ಷದ ಏರಿಕೆಯನ್ನು ಒಟ್ಟು ವೆಚ್ಚದ ಎದುರು ಗುರುತಿಸಿದರೆ ನಾಲ್ಕು ಚುಕ್ಕಿಗಳು ಹೆಚ್ಚುಕಡಿಮೆ ಒಂದೇ ಸರಳರೇಖೆಯ ಮೇಲೆ ಕೂತವು. ಆ ರೇಖೆ ಸೊನ್ನೆಯನ್ನು ಮುಟ್ಟುವುದು 194 ದಶಲಕ್ಷದ ಹತ್ತಿರ. ವೆಚ್ಚ ಅಷ್ಟರಲ್ಲೇ ಇದ್ದಿದ್ದರೆ ಪೈಪೋಟಿ ಇರುತ್ತಿರಲಿಲ್ಲ ಎಂದರ್ಥ. ನಾಲ್ಕೇ ಚುಕ್ಕಿಗಳಿಂದ ಇಷ್ಟು ಹೇಳಬಹುದೇ ಎಂದು ಕೇಳಬೇಕಾದ್ದೇ. ಪ್ರವೃತ್ತಿಯನ್ನು ತೋರಿಸುವ ಚಿತ್ರವಾಗಿ ಇದನ್ನು ಒಪ್ಪಬಹುದು; ಪ್ರಕೃತಿ ನಿಯಮವೆಂದು ಒಪ್ಪಲಾಗದು.

ಸಮೀಕರಣ ಬರೆದರೆ ಮನುಷ್ಯನ ಹೊಣೆ ಏನಾಯಿತು, ದೇಶಗಳು ಬಿಲ್ಲಿನಿಂದ ಬಿಟ್ಟ ಬಾಣವಾದವಲ್ಲ ಎಂದು ಧಾರ್ಮಿಕ ಮನಸ್ಸಿನವರೇ ಕೇಳಿಯಾರು. ಕ್ವೇಕರ್ ನಂಬಿಕೆಯ ಪ್ರಕಾರ ಪ್ರತಿಯೊಬ್ಬನೂ ಒಳಗಿನ ಬೆಳಕಿಗೆ ಓಗೊಡಬಲ್ಲ. ಸಮೀಕರಣದೊಳಗೆ ಆ ಬೆಳಕಿಗೆ ಜಾಗವೆಲ್ಲಿ? ರಿಚರ್ಡ್‌ಸನ್ ಇದನ್ನು ಮೊದಲೇ ಕಂಡಿದ್ದರು. ಜನ ನಿಂತು ಯೋಚಿಸದೇ ಹೋದರೆ ಏನಾಗುತ್ತದೋ ಅದನ್ನು ಮಾತ್ರ ತಮ್ಮ ಸಮೀಕರಣಗಳು ಹೇಳುತ್ತವೆ ಎಂದು ಸ್ಪಷ್ಟವಾಗಿ ಬರೆದರು. ಸಾಮಾನ್ಯವಾಗಿ ವಿಜ್ಞಾನಿ ತನ್ನ ಮಾದರಿ ನಿಜವಾಗಲಿ ಎಂದು ಬಯಸುತ್ತಾನೆ. ಇವರ ಮಾದರಿ ಸುಳ್ಳಾದರೆ ಸಂತೋಷಪಡುವವರಲ್ಲಿ ಇವರೇ ಮೊದಲಿಗರು. ಇದೊಂದು ವಿಚಿತ್ರ ಬಗೆಯ ಮುನ್ಸೂಚನೆ. ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ ಯೋನ ಪ್ರವಾದಿ ನಿನೆವೆ ಪಟ್ಟಣಕ್ಕೆ ಹೋಗಿ ನಾಶ ಬರುತ್ತದೆಂದು ಸಾರುತ್ತಾನೆ; ಜನ ತಿದ್ದಿಕೊಂಡದ್ದರಿಂದ ನಾಶ ಬರುವುದಿಲ್ಲ. ಯೋನನಿಗೆ ಕೋಪ ಬಂತು. ರಿಚರ್ಡ್‌ಸನ್ ಅವರಿಗೆ ಅಂಥ ಕೋಪದ ಭಾಗ್ಯವೂ ಸಿಗಲಿಲ್ಲ. ಅವರ ಬರಹ ಹೊರಬಂದ ವರ್ಷವೇ ಎರಡನೆಯ ಮಹಾಯುದ್ಧ ಆರಂಭವಾಯಿತು.

ಸ್ಕಾಟ್ಲೆಂಡಿನ ಪೇಸ್ಲಿ ತಾಂತ್ರಿಕ ಕಾಲೇಜಿಗೆ 1929ರಿಂದ ಪ್ರಾಂಶುಪಾಲರಾಗಿದ್ದ ಅವರು 1940ರಲ್ಲಿ ಅವಧಿಗೆ ಮುನ್ನವೇ ನಿವೃತ್ತಿ ಪಡೆದರು. ಆಮೇಲೆ ಕಿಲ್‌ಮನ್ ಎಂಬ ಕರಾವಳಿ ಹಳ್ಳಿಯಲ್ಲಿ ನೆಲೆಸಿ ಯುದ್ಧಗಳನ್ನು ಎಣಿಸತೊಡಗಿದರು. ನನ್ನ ವಾದದ ಮುಖ್ಯ ಸಾಕ್ಷ್ಯ ಇರುವುದು ಈ ಎಣಿಕೆಯ ಅಳತೆಗೋಲಿನಲ್ಲಿ. ಯುದ್ಧ ಎಂದರೇನು ಎಂಬ ಮೊದಲ ಮೆಟ್ಟಿಲಲ್ಲೇ ಚರಿತ್ರೆಕಾರರು ಎಡವುತ್ತಿದ್ದರು. ಕ್ರಾಂತಿ, ದಂಗೆ, ದಂಡಯಾತ್ರೆ, ಬಂಡಾಯ, ಡಕಾಯಿತಿ, ಕೊಲೆ ಎಂದು ಹೆಸರಿಡುವವರ ಪಕ್ಷಕ್ಕೆ ತಕ್ಕ ಹೆಸರು. ರಿಚರ್ಡ್‌ಸನ್ ಹೆಸರುಗಳನ್ನೆಲ್ಲ ಬದಿಗಿಟ್ಟು ಮಾರಕ ಜಗಳ ಎಂಬ ಒಂದೇ ಗುಂಪು ಮಾಡಿದರು. ಸತ್ತವರ ಸಂಖ್ಯೆಯ ಹತ್ತರ ಲಘುಗಣಕವೇ ಜಗಳದ ಪ್ರಮಾಣ. ಸಾವಿರ ಜನ ಸತ್ತರೆ ಪ್ರಮಾಣ 3. ಹತ್ತು ಲಕ್ಷ ಸತ್ತರೆ 6. ಮಹಾಯುದ್ಧಗಳೆರಡೂ 7ರ ದರ್ಜೆಯವು. ಒಬ್ಬನೇ ಸತ್ತರೆ? ಒಂದರ ಲಘುಗಣಕ ಸೊನ್ನೆ. ಊರ ಗಲ್ಲಿಯಲ್ಲಿ ನಡೆದ ಒಂದು ಕೊಲೆ ಸೊನ್ನೆ ಪ್ರಮಾಣದ ಮಾರಕ ಜಗಳವಾಗಿ ಅದೇ ಪಟ್ಟಿಯ ಬುಡದಲ್ಲಿ ಕೂರುತ್ತದೆ.

ಗಣಿತದಲ್ಲಿ ಇದೊಂದು ಸಾಮಾನ್ಯ ತಂತ್ರ. ಭೂಕಂಪದ ಬಲವನ್ನು ಅಳೆಯುವುದೂ ಇಂಥದೇ ಮಾಪನದಲ್ಲಿ. ಆದರೆ ಕೊಲೆಯನ್ನೂ ಯುದ್ಧವನ್ನೂ ಒಂದೇ ಕೋಲಿನ ಎರಡು ತುದಿ ಮಾಡಬೇಕೆಂದು ಗಣಿತ ಹೇಳುವುದಿಲ್ಲ. ಕೊಲೆ ಪೊಲೀಸರಿಗೆ ಸೇರಿದ್ದು, ಯುದ್ಧ ವಿದೇಶಾಂಗ ಖಾತೆಗೆ ಸೇರಿದ್ದು ಎಂಬ ಗೆರೆಯನ್ನು ಎಲ್ಲ ರಾಜ್ಯಶಾಸ್ತ್ರವೂ ಎಳೆಯುತ್ತದೆ. ಕೊಂದವನು ಸಮವಸ್ತ್ರ ತೊಟ್ಟಿದ್ದರೆ ಪದಕ, ಇಲ್ಲದಿದ್ದರೆ ನೇಣು. ಕ್ರೈಸ್ತ ಚರ್ಚುಗಳಲ್ಲೂ ಬಹುಪಾಲು ಧರ್ಮಯುದ್ಧ, ನ್ಯಾಯಯುದ್ಧ ಎಂಬ ವಿಚಾರಗಳ ಮೂಲಕ ಈ ಗೆರೆಯನ್ನು ಒಪ್ಪಿಕೊಂಡವು. ಒಪ್ಪದೆ ಉಳಿದ ಸಣ್ಣ ಗುಂಪುಗಳಲ್ಲಿ ಕ್ವೇಕರರು ಒಂದು. ದೇವರ ಬೆಳಕುಳ್ಳ ಒಬ್ಬ ಮನುಷ್ಯ ಇನ್ನೊಬ್ಬನ ಕೈಯಲ್ಲಿ ಸತ್ತ, ಉಳಿದದ್ದೆಲ್ಲ ಆಮೇಲಿನ ವಿವರ ಎಂಬ ದೃಷ್ಟಿ ಇಲ್ಲದವರಿಗೆ ಈ ಅಳತೆಗೋಲು ಹೊಳೆಯುವುದು ಕಷ್ಟ. ನಂಬಿಕೆ ವಿಜ್ಞಾನದೊಳಗೆ ಹೊಕ್ಕ ಜಾಗ ಇದು. ಅದು ಒಳಗೆ ಬಂದದ್ದು ಉತ್ತರವಾಗಿ ಅಲ್ಲ, ಎಣಿಸುವಾಗ ಯಾವ ಭೇದ ಮಾಡಬಾರದು ಎಂಬ ನಿಯಮವಾಗಿ. ಒಮ್ಮೆ ಒಳಗೆ ಬಂದ ಮೇಲೆ ಅಂಕಿಗಳು ತಮ್ಮ ಪಾಡಿಗೆ ತಾವು ನಡೆದವು. 1820ರಿಂದ ಮುಂದಿನ ಸುಮಾರು 130 ವರ್ಷಗಳ ಲೆಕ್ಕದಲ್ಲಿ ಸತ್ತವರ ಶೇಕಡಾ 60ರಷ್ಟು ಭಾಗ ಎರಡು ಮಹಾಯುದ್ಧಗಳದ್ದು. ಅದರ ನಂತರದ ದೊಡ್ಡ ಪಾಲು ಇನ್ನೊಂದು ತುದಿಯದು: ಬಿಡಿ ಕೊಲೆಗಳಲ್ಲಿ ಸತ್ತವರು 97 ಲಕ್ಷ. ನಡುವಿನ ಮುನ್ನೂರಕ್ಕೂ ಹೆಚ್ಚಿನ ಯುದ್ಧಗಳು, ಚರಿತ್ರೆಯ ಪುಸ್ತಕಗಳ ಪುಟ ತುಂಬುವಂಥವು, ಸಾವಿನಲ್ಲಿ ಕಾಲುಭಾಗವನ್ನೂ ಮುಟ್ಟುವುದಿಲ್ಲ. ಕೊಲೆಯನ್ನು ಹೊರಗಿಟ್ಟಿದ್ದರೆ ಈ ಚಿತ್ರ ಕಾಣುತ್ತಲೇ ಇರಲಿಲ್ಲ.

ಯುದ್ಧವನ್ನು ದ್ವೇಷಿಸುವವರು ಯುದ್ಧದ ಅಂಕಿಸಂಖ್ಯೆ ಕೂಡಿಸಿದರೆ ಅದನ್ನು ನಂಬುವುದು ಹೇಗೆ? ಇದು ನ್ಯಾಯವಾದ ಆಕ್ಷೇಪ. ಉತ್ತರವನ್ನು ಅವರ ಸಜ್ಜನಿಕೆಯಿಂದ ಕೊಡಲಾಗದು, ಫಲಿತಾಂಶಗಳಿಂದ ಕೊಡಬೇಕು. ರಿಚರ್ಡ್‌ಸನ್ ಬಳಸಿಕೊಂಡ, ರಾಜ್ಯಶಾಸ್ತ್ರಜ್ಞ ಕ್ವಿನ್ಸಿ ರೈಟ್ ಅವರ ಪಟ್ಟಿಯಂತೆ 1500ರಿಂದ 1931ರವರೆಗಿನ 432 ವರ್ಷಗಳಲ್ಲಿ 299 ಯುದ್ಧಗಳು ಆರಂಭವಾದವು. ಒಂದೂ ಯುದ್ಧ ಆರಂಭವಾಗದ ವರ್ಷಗಳು 223, ಒಂದು ಆರಂಭವಾದವು 142, ಎರಡು 48, ಮೂರು 15, ನಾಲ್ಕು 4. ಯುದ್ಧಗಳು ಬರೀ ಆಕಸ್ಮಿಕವಾಗಿ ಉದುರಿದ್ದರೆ ಪ್ವಾಸೋನ್ ಸೂತ್ರದ ಪ್ರಕಾರ ಬರಬೇಕಾದ ಸಂಖ್ಯೆಗಳು ಸುಮಾರು 216, 150, 52, 12, 2. ಎರಡು ಸಾಲುಗಳು ಎಷ್ಟು ಹತ್ತಿರವಿವೆ ನೋಡಿ. ಮನುಕುಲ ನಿಧಾನವಾಗಿ ಪಕ್ವವಾಗಿ ಶಾಂತಿಯತ್ತ ಸಾಗುತ್ತಿದೆ ಎಂದು ಆಸೆಪಡುವ ಶಾಂತಿವಾದಿಗೆ ಇದು ಹಿತವಾದ ಉತ್ತರವಲ್ಲ. ಒಂದೇ ಭಾಷೆ ಆಡುವವರು ಕಡಿಮೆ ಕಾದಾಡುತ್ತಾರೆಂಬ ಸವಿನಂಬಿಕೆಗೂ ಅವರ ಅಂಕಿಗಳು ಬಲ ಕೊಡಲಿಲ್ಲ. ಚೀನೀ ಭಾಷಿಕರು ನಿರೀಕ್ಷೆಗಿಂತ ಕಡಿಮೆ, ಸ್ಪ್ಯಾನಿಷ್ ಭಾಷಿಕರು ನಿರೀಕ್ಷೆಗಿಂತ ಹೆಚ್ಚು ಕಾದಾಡಿದ್ದರು. ಧರ್ಮದ ವಿಷಯಕ್ಕೆ ಬಂದಾಗ, ಕ್ರೈಸ್ತ ರಾಷ್ಟ್ರಗಳು ತಮ್ಮ ಪಾಲಿಗಿಂತ ಹೆಚ್ಚು ಯುದ್ಧಗಳಲ್ಲಿ ತೊಡಗಿದ್ದವು ಎಂಬುದೂ ಪಟ್ಟಿಯಲ್ಲಿ ಕಂಡಿತು. ತನ್ನ ನಂಬಿಕೆಯ ಹೆಸರಿಗೇ ಮಸಿ ಬಳಿಯುವ ಈ ಫಲವನ್ನು ಒಬ್ಬ ಕ್ರೈಸ್ತರು ಬರೆದಿಟ್ಟರು. ಪ್ರಶ್ನೆಯನ್ನು ನಂಬಿಕೆ ಆರಿಸಿದ್ದರೂ ಉತ್ತರವನ್ನು ಅದು ತಿದ್ದಲಿಲ್ಲ ಎನ್ನಲು ಇದಕ್ಕಿಂತ ಹೆಚ್ಚಿನ ಪುರಾವೆ ಬೇಕೆನಿಸುವುದಿಲ್ಲ.

ಇನ್ನೊಂದು ಸ್ಪಷ್ಟ ಸಂಬಂಧವೂ ಸಿಕ್ಕಿತು: ಹೆಚ್ಚು ನೆರೆದೇಶಗಳಿದ್ದಷ್ಟೂ ಹೆಚ್ಚು ಯುದ್ಧ. ಹಾಗಾದರೆ ಗಡಿಗಳ ಉದ್ದ ಎಷ್ಟು ಎಂದು ಅವರು ಹುಡುಕಿ ಹೊರಟರು. ಸ್ಪೇನ್ ಮತ್ತು ಪೋರ್ಚುಗಲ್ ನಡುವಿನ ಗಡಿ ಒಂದು ಮೂಲದಲ್ಲಿ 987 ಕಿಲೋಮೀಟರ್, ಇನ್ನೊಂದರಲ್ಲಿ 1,214. ಸುಳ್ಳು ಯಾರೂ ಹೇಳಿರಲಿಲ್ಲ. ಅಳೆಯುವ ಕೈವಾರದ ತೆರವು ಕಿರಿದಾದಷ್ಟೂ ಅಂಕುಡೊಂಕುಗಳು ಲೆಕ್ಕಕ್ಕೆ ಬಂದು ಉದ್ದ ಬೆಳೆಯುತ್ತದೆ, ಬೆಳೆಯುವುದಕ್ಕೂ ಒಂದು ನಿಯಮವಿದೆ ಎಂದು ಅವರು ಕಂಡುಕೊಂಡರು. ಅವರು ತೀರಿಕೊಂಡ ಮೇಲೆ, ಯುದ್ಧದ ಗ್ರಂಥಕ್ಕೆ ಅನುಬಂಧವಾಗಿ 1961ರಲ್ಲಿ ಅಚ್ಚಾದ ಈ ಬರಹವನ್ನು ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರಾಟ್ ಓದಿ, 1967ರಲ್ಲಿ ಬ್ರಿಟನ್ನಿನ ಕರಾವಳಿಯ ಉದ್ದದ ಬಗ್ಗೆ ತಮ್ಮ ಹೆಸರಾಂತ ಪ್ರಬಂಧ ಬರೆದರು. ಫ್ರ್ಯಾಕ್ಟಲ್ ಗಣಿತದ ಬೇರುಗಳಲ್ಲಿ ಒಂದು ಹೀಗೆ ಯುದ್ಧದ ಎಣಿಕೆಯೊಳಗಿದೆ.

ಕೊನೆಯ ಆಕ್ಷೇಪ ವ್ಯಾವಹಾರಿಕವಾದದ್ದು: ಇವರು ಎದ್ದು ಹೋದದ್ದರಿಂದ ಏನಾಯಿತು? 1922ರ ಪುಸ್ತಕದಲ್ಲಿ ಅವರು ಒಂದು ಕನಸು ಬರೆದಿದ್ದರು. ಒಳಗೋಡೆಯ ತುಂಬ ಭೂಪಟವಿರುವ ದುಂಡನೆಯ ಭಾರಿ ಸಭಾಂಗಣ. ಸುತ್ತಲ ಅಂತಸ್ತುಗಳಲ್ಲಿ ಕೂತು ಲೆಕ್ಕ ಮಾಡುವ 64,000 ಜನ. ನಡುವಿನ ಕಂಬದ ಮೇಲೆ ನಿಂತ ಮುಖ್ಯಸ್ಥ, ಮುಂದೆ ಹೋದವರ ಮೇಲೆ ಕೆಂಬೆಳಕನ್ನೂ ಹಿಂದುಳಿದವರ ಮೇಲೆ ನೀಲಿ ಬೆಳಕನ್ನೂ ಬೀರಿ ಎಲ್ಲರನ್ನೂ ಒಂದೇ ಲಯದಲ್ಲಿ ನಡೆಸುತ್ತಾನೆ. 1950ರಲ್ಲಿ ಆ ಕನಸು ಈಡೇರಿದ್ದು ಅಮೆರಿಕದ ಸೈನ್ಯ ಫಿರಂಗಿ ಕೋಷ್ಟಕಗಳಿಗೆಂದು ಕಟ್ಟಿಸಿದ್ದ ಎನಿಯಾಕ್ ಯಂತ್ರದ ಮೇಲೆ. ವಿಜ್ಞಾನಿಗಳಾದ ಚಾರ್ನಿ, ಫ್ಯೋರ್ಟಾಫ್ಟ್ ಮತ್ತು ಫಾನ್ ನಾಯ್ಮನ್ ಇಪ್ಪತ್ತನಾಲ್ಕು ಗಂಟೆಯ ಮುನ್ಸೂಚನೆಯನ್ನು ಹೆಚ್ಚುಕಡಿಮೆ ಇಪ್ಪತ್ತನಾಲ್ಕೇ ಗಂಟೆಯಲ್ಲಿ ಎಣಿಸಿದರು. ಅಂದರೆ ಯಾವ ಕೈಗಳಿಂದ ತಮ್ಮ ವಿದ್ಯೆಯನ್ನು ದೂರವಿಡಲು ನೋಡಿದರೋ ಆ ಕೈಗಳಲ್ಲೇ ಅದು ಅರಳಿತು. ಹವಾಮಾನ ಶಾಸ್ತ್ರಕ್ಕೆ ಅವರ ನಿರ್ಗಮನದಿಂದ ನಷ್ಟವಾಯಿತು, ವಿಷಾನಿಲದವರಿಗೆ ತಡೆಯೇನೂ ಬೀಳಲಿಲ್ಲ. ಇದನ್ನು ಅಲ್ಲಗಳೆಯುವ ದಾರಿ ನನಗೆ ಕಾಣುವುದಿಲ್ಲ. ಆದರೆ ಫಲ ಸಿಗುತ್ತದೆಂದು ಅವರು ಎದ್ದು ಹೋಗಿರಲಿಲ್ಲ ಎಂಬುದನ್ನೂ ಮರೆಯಬಾರದು. ಯಂತ್ರದ ಮೇಲೆ ಅವರಿಗೆ ಹಗೆಯೂ ಇರಲಿಲ್ಲ. ಚಾರ್ನಿ ಕಳಿಸಿದ ನಕ್ಷೆಗಳನ್ನು ಪತ್ನಿ ಡೊರೊತಿ ಅವರ ಮುಂದಿಟ್ಟು, ನಿಜವಾದ ಹವೆಗೆ ಮುನ್ಸೂಚನೆ ಹತ್ತಿರವೋ ಹಿಂದಿನ ದಿನದ ನಕ್ಷೆ ಹತ್ತಿರವೋ ಎಂದು ತೂಗಿಸಿ ನೋಡಿ, ಮುನ್ಸೂಚನೆಯೇ ತುಸು ಮೇಲು ಎಂದು ತಿಳಿಸಿ ಅಭಿನಂದಿಸಿದರು. ಅವರ ಸಭಾಂಗಣದ ಕನಸಿನಲ್ಲಿದ್ದಂತೆ ಬಹಳ ಯಂತ್ರಾಂಶಗಳು ಏಕಕಾಲಕ್ಕೆ ಲೆಕ್ಕ ಹಂಚಿಕೊಳ್ಳುವ ಉಪಾಯವನ್ನು 1986ರಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ (ಎನ್‌ಎಎಲ್) ವಿಜ್ಞಾನಿಗಳು ಫ್ಲೋಸಾಲ್ವರ್ ಗಣಕಕ್ಕೆ ತಂದರು. ದ್ರವಗತಿಯ ಲೆಕ್ಕಕ್ಕೆಂದು ಹುಟ್ಟಿದ ಆ ಗಣಕಮಾಲೆ ಮುಂದೆ ಮುಂಗಾರಿನ ಮಾದರಿಗಳಿಗೂ ಬಳಕೆಯಾಯಿತು.

ಚದುರುವಿಕೆಯ ವಿಷಯವನ್ನು ಅವರು ಶಾಶ್ವತವಾಗಿ ತೊರೆಯಲೂ ಇಲ್ಲ. ಅಮೆರಿಕದ ಯುವ ಸಾಗರವಿಜ್ಞಾನಿ ಹೆನ್ರಿ ಸ್ಟೊಮೆಲ್ ಜೊತೆ 1948ರಲ್ಲಿ ಒಂದು ಪುಟ್ಟ ಪ್ರಬಂಧ ಬರೆದರು. ಮನೆಯ ಹತ್ತಿರದ ಲಾಕ್ ಲಾಂಗ್ ಹಿನ್ನೀರಿನ ಧಕ್ಕೆಯಿಂದ, ಬಿಳಿ ಗಜ್ಜರಿಯಂತಿರುವ ಪಾರ್ಸ್ನಿಪ್ ಗೆಡ್ಡೆಯ ತುಂಡುಗಳನ್ನು ಜೋಡಿಜೋಡಿಯಾಗಿ ನೀರಿಗೆ ಎಸೆದು, ಅವು ಒಂದರಿಂದೊಂದು ಎಷ್ಟು ಬೇಗ ದೂರವಾಗುತ್ತವೆ ಎಂದು ಅಳೆದರು. ಪಾರ್ಸ್ನಿಪ್ ಹೆಚ್ಚುಕಡಿಮೆ ಪೂರ್ತಿ ಮುಳುಗಿ ತೇಲುವುದರಿಂದ ಗಾಳಿ ಅದನ್ನು ತಳ್ಳುವುದಿಲ್ಲ, ಬೆಳ್ಳಗಿರುವುದರಿಂದ ದೂರಕ್ಕೂ ಕಾಣುತ್ತದೆ. ಗಾಳಿಗೆ ಕಂಡಿದ್ದ ನಿಯಮವೇ ಸಮುದ್ರಕ್ಕೂ ಹೊಂದಿತು. ಯುದ್ಧದ ಮೇಲಿನ ಎರಡು ದೊಡ್ಡ ಗ್ರಂಥಗಳಿಗೆ ಮಾತ್ರ ಪ್ರಕಾಶಕರು ಸಿಗಲಿಲ್ಲ. ಅವು ಮೈಕ್ರೋಫಿಲ್ಮ್ ರೂಪದಲ್ಲಷ್ಟೇ ಕೆಲವರ ಕೈಗೆ ಸಿಗುತ್ತಿದ್ದವು. ರಿಚರ್ಡ್‌ಸನ್ 1953ರ ಸೆಪ್ಟೆಂಬರ್ 30ರಂದು ಕಿಲ್‌ಮನ್‌ನಲ್ಲಿ ತೀರಿಕೊಂಡರು. ಎರಡೂ ಗ್ರಂಥಗಳು ಪುಸ್ತಕವಾಗಿ ಬಂದದ್ದು 1960ರಲ್ಲಿ, ಎರಡು ಮಹಾಶಕ್ತಿಗಳು ಪರಮಾಣು ಅಸ್ತ್ರಗಳನ್ನು ಪೈಪೋಟಿಯಲ್ಲಿ ಪೇರಿಸುತ್ತಿದ್ದ ಹೊತ್ತಿನಲ್ಲಿ.